ಕಲೆ ಅಂತ ಬಿಡಬೇಡಿ, ಮುಟ್ಟಿ ನೋಡಿ

ಅವತ್ತು ಭಾನುವಾರ. ಮಗಳಿಗೆ ಎಣ್ಣೆ ಸ್ನಾನ ಮಾಡಿಸಲೆಂದು ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದೆ. ಹಣೆಯಿಂದ ಬೈತಲೆಯ ಪಕ್ಕಕ್ಕೆ ಒಂದು ಗೆರೆ ಕಾಣಿಸಿತು. ಬೆರಳಗಲವೂ ಇಲ್ಲ. ನಡುವೆ ಬಿಳಿಚಿಕೊಂಡಿತ್ತು, ಅಂಚಿನಲ್ಲಿ ಸಣ್ಣಗೆ ನೇರಳೆ ಬಣ್ಣ. 'ಎಲ್ಲಿ ಬಿದ್ದೆಯೇ?' ಎಂದು ಕೇಳಿದೆ. 'ಎಲ್ಲೂ ಇಲ್ಲಮ್ಮ' ಅಂದಳು. ಏಳು ವರ್ಷದ ಮಕ್ಕಳು ಬಿದ್ದದ್ದನ್ನೆಲ್ಲ ಮನೆಗೆ ಬಂದು ಹೇಳ್ತಾರಾ? ಶಾಲೆಯಲ್ಲಿ ಬಿದ್ದಿರಬೇಕು ಎಂದುಕೊಂಡು ಸೀಗೆಪುಡಿ ಹಚ್ಚಿ ತಲೆ ತೊಳೆದೆ. ಆ ಗೆರೆಗೆ ಸರಿಯಾದ ಹೆಸರು ಗೊತ್ತಾಗುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು.

ಆ ಒಂದೂವರೆ ವರ್ಷ ನಾವೇನು ಮಾಡಿದೆವು ಅಂತೀರಾ? ಮೊದಲು ಮೆಡಿಕಲ್ ಶಾಪಿನಿಂದ ಹುಳುಕಡ್ಡಿಯ ಮುಲಾಮು ತಂದು ಹಚ್ಚಿದೆವು. ಆಮೇಲೆ ಅತ್ತೆಯವರು ಊರಿನಿಂದ ತರಿಸಿದ ಬೇವಿನೆಣ್ಣೆ. ಬಂಧುಗಳೊಬ್ಬರು 'ತೊನ್ನಿರಬಹುದು, ಹೆಣ್ಣುಮಗು ಬೇರೆ' ಎಂದು ಪಿಸುಗುಟ್ಟಿದ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾಗದೋಷ ಇದ್ದೀತೆಂದು ಕುಕ್ಕೆಗೂ ಹೋಗಿ ಬಂದೆವು. ನಂಬಿಕೆಯ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಕುಕ್ಕೆಗೆ ಹೋದ ಹಾಗೇ ಚರ್ಮದ ಡಾಕ್ಟರ ಹತ್ತಿರವೂ ಹೋಗಬೇಕಿತ್ತು. ಹೋದದ್ದು ಆ ಗೆರೆ ತಗ್ಗುಬಿದ್ದು, ಅಲ್ಲಿನ ಕೂದಲು ಉದುರಿದ ಮೇಲೆ.

ಡಾಕ್ಟರು ಎರಡು ಬೆರಳಲ್ಲಿ ಮಗಳ ಹಣೆಯ ಚರ್ಮವನ್ನು ಹಿಡಿದು ಎತ್ತಿ ನೋಡಿದರು. ಗೆರೆಯ ಪಕ್ಕದ ಚರ್ಮ ಎದ್ದು ಬಂತು. ಗೆರೆಯ ಮೇಲಿನದು ಬರಲಿಲ್ಲ, ಅಂಟಿಕೊಂಡ ಹಾಗಿತ್ತು. 'ನೀವು ಯಾವತ್ತಾದರೂ ಹೀಗೆ ಹಿಡಿದು ನೋಡಿದ್ದೀರಾ?' ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ದಿನಾ ಮುಲಾಮು ಸವರಿದ್ದೆ, ದಿನಾ ಜಡೆ ಹಾಕಿದ್ದೆ. ಅದರ ಬಣ್ಣವನ್ನೇ ನೋಡಿದ್ದೆನೇ ಹೊರತು ಚರ್ಮ ಗಟ್ಟಿಯಾಗಿದೆಯಾ ಎಂದು ಪರೀಕ್ಷಿಸಿರಲಿಲ್ಲ.

ನಾನು ಡಾಕ್ಟರಲ್ಲ, ಬಿ.ಎ. ಓದಿದ ಗೃಹಿಣಿ. ಆದರೆ ಮಗಳ ಕಾಯಿಲೆ ನನಗೆ ಬೇಕಾದಷ್ಟು ಕಲಿಸಿದೆ. ನನ್ನ ತಪ್ಪು ನಿಮ್ಮಿಂದ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಏನಿದು ಕಾಯಿಲೆ?

ಇದರ ಹೆಸರು ಲೋಕಲೈಸ್ಡ್ ಸ್ಕ್ಲೀರೋಡರ್ಮಾ. ಡಾಕ್ಟರುಗಳು ಚಿಕ್ಕದಾಗಿ ಮಾರ್ಫಿಯಾ ಎನ್ನುತ್ತಾರೆ. ನೋವಿಗೆ ಕೊಡುವ ಮಾರ್ಫಿನ್ ಔಷಧಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ಕ್ಲೀರೋಡರ್ಮಾ ಎಂದರೆ 'ಗಟ್ಟಿ ಚರ್ಮ' ಎಂದಷ್ಟೇ ಅರ್ಥ. ನಮ್ಮ ಚರ್ಮಕ್ಕೆ ಬಲ ಕೊಡುವುದು ಕೊಲಾಜೆನ್ ಎಂಬ ನಾರಿನಂಥ ಪದಾರ್ಥ. ಗಾಯವಾದಾಗ ದೇಹ ಇದನ್ನು ಹೆಚ್ಚು ತಯಾರಿಸಿ ಗಾಯ ಮುಚ್ಚುತ್ತದೆ, ಆಮೇಲೆ ನಿಲ್ಲಿಸುತ್ತದೆ. ಮಾರ್ಫಿಯಾದಲ್ಲಿ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಒಂದು ಜಾಗದಲ್ಲಿ ಉರಿಯೂತ ಎಬ್ಬಿಸುತ್ತದೆ. ಅಲ್ಲಿ ಕೊಲಾಜೆನ್ ಬೇಡದಿದ್ದರೂ ತುಂಬಿಕೊಂಡು ಚರ್ಮ ಗಟ್ಟಿಯಾಗುತ್ತದೆ. ಕೆಲವರಲ್ಲಿ ಅದರ ಕೆಳಗಿನ ಕೊಬ್ಬು, ಸ್ನಾಯು, ಮೂಳೆಯವರೆಗೂ ಇಳಿಯುತ್ತದೆ.

ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಹರಡುವುದಿಲ್ಲ. ಕ್ಯಾನ್ಸರೂ ಅಲ್ಲ. 'ಸ್ಕ್ಲೀರೋಡರ್ಮಾ' ಎಂದು ಕೇಳಿದ ತಕ್ಷಣ ಶ್ವಾಸಕೋಶ, ಕಿಡ್ನಿ ಹಾಳಾಗುತ್ತದಂತೆ ಎಂದು ಯಾರಾದರೂ ಹೆದರಿಸಬಹುದು. ಅದು ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂಬ ಬೇರೆ ಕಾಯಿಲೆ. ಅದರಲ್ಲಿ ಬೆರಳುಗಳ ಚರ್ಮ ಬಿಗಿಯಾಗುತ್ತದೆ, ತಣ್ಣೀರಿಗೆ ಕೈಯಿಟ್ಟರೆ ಬೆರಳು ಬೆಳ್ಳಗಾಗಿ ನೀಲಿಗಟ್ಟುತ್ತದೆ, ನುಂಗಲು ಕಷ್ಟವಾಗಬಹುದು, ಏದುಸಿರು ಬರಬಹುದು. ಮಾರ್ಫಿಯಾ ಹಾಗೆ ಬದಲಾಗುವುದು ತೀರಾ ಅಪರೂಪ.

ಎಷ್ಟು ಜನರಿಗೆ ಬರುತ್ತದೆ? ಅಮೆರಿಕದ ಮಿನೆಸೋಟಾ ರಾಜ್ಯದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ 1960ರಿಂದ 1993ರವರೆಗಿನ ದಾಖಲೆಗಳನ್ನು ನೋಡಿದಾಗ ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 2.7 ಮಂದಿಗೆ ಹೊಸದಾಗಿ ಬಂದದ್ದು ತಿಳಿಯಿತು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಇಷ್ಟು ಅಪರೂಪವಾದ್ದರಿಂದಲೇ ಎಲ್ಲರಿಗೂ ಬೇಗ ಹೊಳೆಯುವುದಿಲ್ಲ, ಗುರುತಿಸುವುದು ತಡವಾಗುತ್ತದೆ.

ತೊನ್ನಲ್ಲ, ಕುಷ್ಠವೂ ಅಲ್ಲ

ನಮ್ಮಲ್ಲಿ ಬಿಳಿ ಮಚ್ಚೆ ಕಂಡರೆ ಮೊದಲು ಬಾಯಿಗೆ ಬರುವುದು ಈ ಎರಡೇ ಹೆಸರು. ವ್ಯತ್ಯಾಸ ತಿಳಿದಿರಲಿ. ತೊನ್ನಿನಲ್ಲಿ ಚರ್ಮದ ಬಣ್ಣ ಮಾತ್ರ ಹೋಗುತ್ತದೆ, ಮೃದುತ್ವ ಹಾಗೇ ಇರುತ್ತದೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ. ಹುಳುಕಡ್ಡಿ ತುರಿಸುತ್ತದೆ, ಅಂಚಿನಲ್ಲಿ ಹೊಟ್ಟು ಏಳುತ್ತದೆ. ಮಾರ್ಫಿಯಾದಲ್ಲಿ ಚರ್ಮ ಗಟ್ಟಿ. ಶುರುವಿನಲ್ಲಿ ಕೆಂಪು ಅಥವಾ ನೇರಳೆ ಮಚ್ಚೆ. ಬರಬರುತ್ತಾ ನಡುವೆ ದಂತದ ಬಣ್ಣ ಬಂದು ಮೇಣ ಸವರಿದಂತೆ ಹೊಳೆಯುತ್ತದೆ. ಅಲ್ಲಿ ಕೂದಲು ಉದುರುತ್ತದೆ, ಬೆವರು ಬರುವುದಿಲ್ಲ. ನಮ್ಮಂಥ ಗೋಧಿ ಮೈಬಣ್ಣದವರಲ್ಲಿ ಆ ನೇರಳೆ ಅಂಚು ಎದ್ದು ಕಾಣದೆ ಬರೀ ಕಂದು ಕಲೆಯ ಹಾಗೂ ಕಾಣಬಹುದು. ಆದ್ದರಿಂದಲೇ ಹೇಳಿದ್ದು, ಮುಟ್ಟಿ ನೋಡಿ ಅಂತ. ಆದರೆ ತೀರಾ ಹೊಸ ಮಚ್ಚೆ ಇನ್ನೂ ಮೆತ್ತಗೇ ಇರಬಹುದು. ಹಾಗಾಗಿ ಮೆತ್ತಗಿದೆ ಎಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಇದು ಡಾಕ್ಟರ ಹತ್ತಿರ ಹೋಗಲು ಕಾರಣ, ಹೋಗದಿರಲು ನೆಪವಲ್ಲ!

ಮಕ್ಕಳಲ್ಲಿ ಯಾಕೆ ಅವಸರ?

ಮಕ್ಕಳಲ್ಲಿ ಹೆಚ್ಚಾಗಿ ಬರುವುದು ಗೆರೆಯ ಹಾಗೆ ಉದ್ದಕ್ಕೆ ಸಾಗುವ ಲೀನಿಯರ್ ಬಗೆ. ತೋಳು, ಕಾಲಿನ ಉದ್ದಕ್ಕೆ ಬಂದರೆ ಕೆಳಗಿನ ಸ್ನಾಯು ಸೊರಗುತ್ತದೆ. ಮಂಡಿ, ಮೊಣಕೈ, ಬೆರಳ ಕೀಲಿನ ಮೇಲೆ ಹಾದುಹೋದರೆ ಕೀಲು ಪೂರ್ತಿ ಚಾಚಲು ಬರುವುದಿಲ್ಲ. ಬೆಳೆಯುವ ಮಗುವಾದ್ದರಿಂದ ಒಂದು ಕಾಲು ಬೆಳೆದು ಇನ್ನೊಂದು ಹಿಂದುಳಿಯಬಹುದು. ಸಮಯ ಮೀರಿದರೆ ಮಾಯುವ ಕಲೆಯಲ್ಲ, ಕುಂಟುವ ನಡಿಗೆ ಉಳಿಯುತ್ತದೆ.

ಹಣೆ ಮತ್ತು ನೆತ್ತಿಯ ಮೇಲೆ ಬರುವ ಗೆರೆಗೆ ಫ್ರೆಂಚ್ ಭಾಷೆಯಲ್ಲಿ 'ಕತ್ತಿಯೇಟು' ಎಂಬ ಅರ್ಥದ ಹೆಸರಿದೆ. ನನ್ನ ಮಗಳದು ಅದೇ. ಕೆಲವರಲ್ಲಿ ಮುಖದ ಒಂದು ಪಕ್ಕವೇ ನಿಧಾನವಾಗಿ ಸೊರಗುತ್ತದೆ, ಅದು ಪ್ಯಾರಿ ರೊಂಬರ್ಗ್ ಸಿಂಡ್ರೋಮ್. ಮುಖ ಮತ್ತು ತಲೆಯ ಮಾರ್ಫಿಯಾದಲ್ಲಿ ಕೆಲವು ಮಕ್ಕಳಿಗೆ ಫಿಟ್ಸ್, ತಲೆನೋವು ಬರಬಹುದು. ಕಣ್ಣಿನೊಳಗೆ ನೋವಿಲ್ಲದೆ, ಕೆಂಪಾಗದೆ ಉರಿಯೂತ ಆಗಬಹುದು. ಮಗು ಹೇಳುವುದಿಲ್ಲ, ನಮಗೂ ಕಾಣುವುದಿಲ್ಲ. ಅದಕ್ಕೇ ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್‌ನಲ್ಲಿ ಆಗಾಗ ಪರೀಕ್ಷಿಸಬೇಕು. ನಿಮ್ಮ ಡಾಕ್ಟರು ಹೇಳದಿದ್ದರೆ ನೀವೇ ಕೇಳಿ.

ದೊಡ್ಡವರಲ್ಲಿ ಹೇಗೆ?

ದೊಡ್ಡವರಲ್ಲಿ ಹೆಚ್ಚಾಗಿ ಹೊಟ್ಟೆ, ಬೆನ್ನು, ಎದೆ, ಸೊಂಟದ ಮೇಲೆ ಗುಂಡಗಿನ ಮಚ್ಚೆಗಳು ಬರುತ್ತವೆ. ಒಂದೆರಡೇ ಇದ್ದು ಮೇಲುಮೇಲೆ ಇದ್ದರೆ ಹಲವರಲ್ಲಿ ಮೂರರಿಂದ ಐದು ವರ್ಷಗಳಲ್ಲಿ ತಾನಾಗಿ ಮೆತ್ತಗಾಗಿ ಕಂದು ಕಲೆಯಷ್ಟೇ ಉಳಿಯುತ್ತದೆ. ಆದರೆ ಮಚ್ಚೆಗಳು ಹಲವಾಗಿ, ದೊಡ್ಡದಾಗಿ ಬೇರೆ ಬೇರೆ ಭಾಗಗಳಿಗೆ ಹರಡಿದರೆ ಮುಲಾಮು ಸಾಲದು. ಕೆಲವರಲ್ಲಿ ಒಳಉಡುಪಿನ ಪಟ್ಟಿ, ಸೊಂಟಪಟ್ಟಿ ಬಿಗಿಯುವ ಜಾಗದಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಲಂಗದ ಲಾಡಿಯ ಗುರುತು ಎಂದು ತಳ್ಳಿಹಾಕುವ ಮೊದಲು ಒಮ್ಮೆ ಸವರಿ ನೋಡಿ.

ಹೆಂಗಸರಿಗೆ ಇನ್ನೆರಡು ಮಾತು. ಸ್ತನ ಕ್ಯಾನ್ಸರಿಗೆ ರೇಡಿಯೇಷನ್ ಪಡೆದ ಕೆಲವರಿಗೆ ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ನಂತರ ಅದೇ ಜಾಗದ ಚರ್ಮ ಕೆಂಪಾಗಿ ಗಟ್ಟಿಯಾಗಬಹುದು. ಸೋಂಕು ಅಥವಾ ಕ್ಯಾನ್ಸರ್ ಮರುಕಳಿಸಿದೆ ಎಂದು ಅನಿಸುವುದು ಸಹಜ. ಯಾವುದೆಂದು ಬಯಾಪ್ಸಿ ಮಾಡಿಯೇ ತಿಳಿಯಬೇಕು, ಊಹೆ ಮಾಡಿಕೊಂಡು ಕೂರಬೇಡಿ. ಇನ್ನೊಂದು, ಮಾರ್ಫಿಯಾ ಇರುವ ಕೆಲವು ಹೆಂಗಸರಿಗೆ ಗುಪ್ತಾಂಗದ ಚರ್ಮ ಬೆಳ್ಳಗಾಗಿ ತೆಳುವಾಗುವ, ವಿಪರೀತ ತುರಿಸುವ ಲೈಕೆನ್ ಸ್ಕ್ಲೀರೋಸಸ್ ಎಂಬ ತೊಂದರೆಯೂ ಜೊತೆಗಿರುತ್ತದೆ. ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ಅದಕ್ಕೂ ಒಳ್ಳೆಯ ಚಿಕಿತ್ಸೆ ಇದೆ.

ಪತ್ತೆ ಹಚ್ಚುವುದು ಹೇಗೆ?

ಅನುಭವವಿರುವ ಚರ್ಮರೋಗ ತಜ್ಞರು ಬಹುಪಾಲು ನೋಡಿ, ಮುಟ್ಟಿಯೇ ಗುರುತಿಸುತ್ತಾರೆ. ಅನುಮಾನವಿದ್ದರೆ ಬಯಾಪ್ಸಿ. ಜಾಗವನ್ನು ಮರಗಟ್ಟಿಸಿ ಕಾಳಿನಷ್ಟು ಚರ್ಮವನ್ನು ಕೊಬ್ಬಿನ ಪದರದವರೆಗೆ ತೆಗೆಯುತ್ತಾರೆ. 'ರಕ್ತ ಪರೀಕ್ಷೆಯಲ್ಲಿ ಗೊತ್ತಾಗೋದಿಲ್ವಾ?' ಎಂದು ನಮ್ಮೆಜಮಾನ್ರು ಕೇಳಿದ್ದರು. ಇಲ್ಲ. ಇದನ್ನು ಖಚಿತಪಡಿಸುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಎಎನ್‌ಎ ಎಂಬ ಪರೀಕ್ಷೆ ಕೆಲವರಲ್ಲಿ ಪಾಸಿಟಿವ್ ಬರಬಹುದು, ಅದರಿಂದ ಸಿಸ್ಟಮಿಕ್ ಕಾಯಿಲೆ ಇದೆ ಎಂದಾಗುವುದಿಲ್ಲ. ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕಾಗಬಹುದು. ತಲೆಯ ಮೇಲಿದ್ದರೆ ಮೆದುಳಿನ ಎಂಆರ್‌ಐ ಕೂಡ.

ಮಕ್ಕಳಿಗಾದರೆ ಚರ್ಮದ ಡಾಕ್ಟರ ಜೊತೆ ಮಕ್ಕಳ ರುಮಟಾಲಜಿಸ್ಟ್ ನೋಡುವುದು ಒಳ್ಳೆಯದು. ಸಂಧಿವಾತದ ತಜ್ಞರು ಚರ್ಮಕ್ಕೇಕೆ ಎಂದು ನನಗೂ ಅನಿಸಿತ್ತು. ದಾರಿ ತಪ್ಪಿದ ರೋಗನಿರೋಧಕ ಶಕ್ತಿಯನ್ನು ಹತೋಟಿಗೆ ತರುವ ಔಷಧಗಳು ಅವರಿಗೆ ಚೆನ್ನಾಗಿ ಗೊತ್ತು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗ ಇರುತ್ತದೆ, ಅಲ್ಲಿಂದಲೇ ಶುರು ಮಾಡಬಹುದು.

ಚಿಕಿತ್ಸೆ ಏನು?

ಮೇಲುಮೇಲಿನ ಒಂದೆರಡು ಮಚ್ಚೆಗೆ ಸ್ಟೆರಾಯ್ಡ್ ಮುಲಾಮು, ಟ್ಯಾಕ್ರೋಲಿಮಸ್ ಅಥವಾ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಕೊಡುತ್ತಾರೆ. ಮಚ್ಚೆಗಳು ಹೆಚ್ಚಿದ್ದು ಆಳಕ್ಕೆ ಇಳಿಯದಿದ್ದರೆ ಬೆಳಕಿನ ಚಿಕಿತ್ಸೆ, ಅಂದರೆ ಫೋಟೋಥೆರಪಿ. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಕ್ರೀಮನ್ನು ಮಾತ್ರ ತಿಂಗಳುಗಟ್ಟಲೆ ಹಚ್ಚಬೇಡಿ. ಅದರಿಂದಲೇ ಚರ್ಮ ತೆಳುವಾಗುತ್ತದೆ.

ಗೆರೆಯ ಬಗೆ, ಮುಖದ್ದು, ಕೀಲಿನ ಮೇಲಿನದು, ಆಳಕ್ಕಿಳಿದದ್ದು, ತುಂಬಾ ಹರಡಿದ್ದು, ಇವಕ್ಕೆಲ್ಲ ಹೊಟ್ಟೆಗೇ ಔಷಧ ಬೇಕು. ಮುಖ್ಯವಾದದ್ದು ಮೆಥೋಟ್ರೆಕ್ಸೇಟ್. ಅದು ಕೆಲಸ ಶುರುಮಾಡಲು ತಿಂಗಳುಗಳು ಬೇಕಾದ್ದರಿಂದ ಮೊದಲ ಕೆಲವು ತಿಂಗಳು ಜೊತೆಗೆ ಸ್ಟೆರಾಯ್ಡ್ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. 2011ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ 70 ಮಕ್ಕಳಿಗೆ ಮೊದಲ ಮೂರು ತಿಂಗಳು ಸ್ಟೆರಾಯ್ಡ್ ಕೊಟ್ಟರು. ಅವರಲ್ಲಿ 46 ಮಕ್ಕಳಿಗೆ ಮೆಥೋಟ್ರೆಕ್ಸೇಟನ್ನೂ ಉಳಿದ 24 ಮಕ್ಕಳಿಗೆ ಅದೇ ಹಾಗೆ ಕಾಣುವ ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟು ನೋಡಿದರು. ಮೆಥೋಟ್ರೆಕ್ಸೇಟ್ ತೆಗೆದುಕೊಂಡವರಲ್ಲಿ 15 ಮಕ್ಕಳಿಗೆ ರೋಗ ಮರುಕಳಿಸಿತು, ಇನ್ನೊಂದು ಗುಂಪಿನ 24ರಲ್ಲಿ 17 ಮಕ್ಕಳಿಗೆ! ಇದು ಒಗ್ಗದಿದ್ದರೆ ಅಥವಾ ಸಾಲದಿದ್ದರೆ ಮೈಕೋಫಿನೊಲೇಟ್ ಇದೆ. ಅದಕ್ಕೂ ಬಗ್ಗದಿದ್ದರೆ ಬೇರೆ ಔಷಧಗಳಿವೆ.

ಕಾಯಿಲೆ ಕಡಿಮೆಯಾಯಿತೆಂದು ನಾವೇ ನಿಲ್ಲಿಸಬಾರದು. ರೋಗ ಹತೋಟಿಗೆ ಬಂದ ಮೇಲೂ ಕನಿಷ್ಠ ಒಂದು ವರ್ಷ ಮುಂದುವರಿಸಿ ಆಮೇಲೆ ಇಳಿಸಬೇಕೆಂಬುದು 2019ರಲ್ಲಿ ಹೊರಬಂದ ಯುರೋಪಿನ ತಜ್ಞರ ಶಿಫಾರಸು. ಕೀಲಿನ ಮೇಲಿದ್ದರೆ ಫಿಸಿಯೋಥೆರಪಿ ಮೊದಲ ದಿನದಿಂದಲೇ ಬೇಕು. ತಗ್ಗು ತುಂಬಿಸುವ ಕೊಬ್ಬಿನ ಕಸಿಯಂಥ ಸರ್ಜರಿ ಏನಿದ್ದರೂ ರೋಗ ಪೂರ್ತಿ ತಣ್ಣಗಾದ ಮೇಲೆ.

ವಾರಕ್ಕೊಮ್ಮೆ ಅಂದರೆ ವಾರಕ್ಕೊಮ್ಮೆಯೇ!

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಈ ಕಾಯಿಲೆಗೆ ಮೆಥೋಟ್ರೆಕ್ಸೇಟ್ ಕೊಡುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ಕೊಟ್ಟರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ.

ನಮ್ಮ ಮನೆಯಲ್ಲಿ ಆಗುವುದರಲ್ಲಿತ್ತು. ಡಾಕ್ಟರು 'ಪ್ರತಿ ಭಾನುವಾರ' ಎಂದು ಸ್ಪಷ್ಟವಾಗಿ ಬರೆದಿದ್ದರು. ಮೆಡಿಕಲ್ ಶಾಪಿನ ಹುಡುಗ ಮಾತ್ರ ಕವರಿನ ಮೇಲೆ ಅಭ್ಯಾಸಬಲದಿಂದ 'ಬೆಳಿಗ್ಗೆ ಊಟದ ನಂತರ' ಎಂದಷ್ಟೇ ಗೀಚಿಕೊಟ್ಟಿದ್ದ. ನಾನು ತಂಗಿಯ ಮಗನ ನಾಮಕರಣಕ್ಕೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಅತ್ತೆಯವರ ಫೋನು: 'ಅಮ್ಮಣ್ಣಿ, ಹಳದಿ ಮಾತ್ರೆ ಕೊಡ್ಲಾ? ತಿಂಡಿ ಆಯ್ತು ಮಗೂದು.' ಜೊತೆಗೆ ಕೊಡುತ್ತಿದ್ದ ಫೋಲಿಕ್ ಆಸಿಡ್ ಮಾತ್ರೆಯೂ ಹಳದಿ, ಪುಟ್ಟದು. 'ಯಾವ ಹಳದೀದು, ಹೆಸರು ಓದಿ' ಅಂದೆ. ಅವರು ಕನ್ನಡಕ ಹುಡುಕಿ, ಮಗಳ ಕೈಲೇ ಅಕ್ಷರ ಓದಿಸಿದರು. ಮೆಥೋಟ್ರೆಕ್ಸೇಟೇ! ಹಿಂದಿನ ದಿನವಷ್ಟೇ ಕೊಟ್ಟು ಹೊರಟಿದ್ದೆ. ಅತ್ತೆಯವರು ಕೇಳದೆ ಕೊಟ್ಟಿದ್ದರೆ? ಇವತ್ತಿಗೂ ನೆನೆಸಿಕೊಂಡರೆ ಕೈ ನಡುಗುತ್ತದೆ. ಅವತ್ತಿನಿಂದ ಆ ಮಾತ್ರೆ ಬೇರೆ ಡಬ್ಬಿಯಲ್ಲಿ, ಅಲಮಾರಿನ ಮೇಲಿನ ಅರೆಯಲ್ಲಿ. ಕ್ಯಾಲೆಂಡರಿನ ಭಾನುವಾರಗಳಿಗೆ ಕೆಂಪು ಗುರುತು, ಕೊಟ್ಟ ಮೇಲೆ ಅಡ್ಡಗೆರೆ.

ಈ ಔಷಧ ನಡೆಯುವಾಗ ಡಾಕ್ಟರು ಹೇಳಿದ ದಿನಗಳಂದು ರಕ್ತಕಣ ಮತ್ತು ಲಿವರ್ ಪರೀಕ್ಷೆ ತಪ್ಪಿಸಬೇಡಿ. ಮಗುವಿಗೆ ಲಸಿಕೆ ಹಾಕಿಸುವ ಮುನ್ನ ಕೇಳಿ, ಕೆಲವು ಲಸಿಕೆಗಳನ್ನು ಈ ಸಮಯದಲ್ಲಿ ಕೊಡುವಂತಿಲ್ಲ. ಜ್ವರ, ಬಾಯಿಹುಣ್ಣು ಬಂದರೆ ತಕ್ಷಣ ತಿಳಿಸಿ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಇದನ್ನು ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಮೆಥೋಟ್ರೆಕ್ಸೇಟ್ ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ, ಗರ್ಭ ಧರಿಸುವುದಕ್ಕೆ ತಿಂಗಳುಗಳ ಮುಂಚೆಯೇ ನಿಲ್ಲಿಸಬೇಕಾಗುತ್ತದೆ.

ಮನೆಯಲ್ಲಿ ನಾವೇನು ಮಾಡಬಹುದು?

* ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ಮಚ್ಚೆಯ ಫೋಟೋ ತೆಗೆದಿಡಿ. ಹರಡಿದೆಯೋ ಇಲ್ಲವೋ ಎಂದು ಡಾಕ್ಟರಿಗೆ ಹೇಳಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಡ.

* ಬದನೆಕಾಯಿ, ಕುಂಬಳಕಾಯಿ 'ನಂಜು' ಎಂದು ನಿಲ್ಲಿಸಬೇಕಿಲ್ಲ. ಈ ಕಾಯಿಲೆಗೆ ಪ್ರತ್ಯೇಕ ಪಥ್ಯವಿಲ್ಲ. ಸ್ಟೆರಾಯ್ಡ್ ನಡೆಯುವಾಗ ಮಾತ್ರ ಹಪ್ಪಳ, ಉಪ್ಪಿನಕಾಯಿ, ಸಿಹಿ ಕಡಿಮೆ ಮಾಡಿ. ಹಾಲು, ಮೊಸರು, ರಾಗಿ ಕೊಡಿ.

* ಒಣ ಚರ್ಮಕ್ಕೆ ಮಾಯಿಶ್ಚರೈಸರ್ ಅಥವಾ ಎಣ್ಣೆ ಸವರಬಹುದು. ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತೇನೆಂದು ತಿಕ್ಕಿ ಉಜ್ಜಬೇಡಿ. ಬಿಸಿಲಿಗೆ ಸನ್‌ಸ್ಕ್ರೀನ್, ಟೋಪಿ ಇರಲಿ.

* ಶಾಲೆಯ ಟೀಚರಿಗೆ ಇದು ಅಂಟುರೋಗವಲ್ಲ ಎಂದು ಡಾಕ್ಟರಿಂದ ಬರೆಸಿಕೊಡಿ. ನನ್ನ ಮಗಳ ಪಕ್ಕ ಕೂರಬಾರದೆಂದು ಒಬ್ಬ ತಾಯಿ ತನ್ನ ಮಗುವಿಗೆ ಹೇಳಿದ್ದರು. ಚೀಟಿ ಓದಿದ ಮೇಲೆ ಅವರೇ ಬಂದು ಮಾತಾಡಿಸಿದರು.

* 'ಮುಂದೆ ಮದುವೆಗೆ ತೊಂದರೆ' ಎಂಬ ಮಾತನ್ನು ಮಗುವಿನ ಎದುರು ಆಡಲು ಯಾರನ್ನೂ ಬಿಡಬೇಡಿ. ಅಜ್ಜಿಯನ್ನೂ!

ಮಗಳಿಗೀಗ ಹನ್ನೆರಡು. ಎರಡೂವರೆ ವರ್ಷ ಔಷಧ ನಡೆದು, ನಿಂತು ಒಂದು ವರ್ಷವಾಯಿತು. ನೇರಳೆ ಅಂಚು ಹೋಗಿದೆ, ಗೆರೆ ಮುಂದೆ ಹರಿದಿಲ್ಲ, ಕಣ್ಣು ಚೆನ್ನಾಗಿದೆ. ಕೆಲವರಲ್ಲಿ ವರ್ಷಗಳ ಮೇಲೂ ಮರುಕಳಿಸುವುದರಿಂದ ತಪಾಸಣೆಗೆ ಹೋಗುತ್ತಲೇ ಇದ್ದೇವೆ. ಹಣೆಯ ತಗ್ಗು ಮತ್ತು ಕೂದಲಿಲ್ಲದ ಆ ಸಣ್ಣ ಪಟ್ಟಿ ಹಾಗೇ ಉಳಿದಿವೆ. ಔಷಧ ರೋಗವನ್ನು ನಿಲ್ಲಿಸಿತು, ಆದರೆ ಆಗಲೇ ಆಗಿಹೋದ ಹಾನಿಯನ್ನು ವಾಪಸ್ಸು ತರಲಿಲ್ಲ. ಆ ತಗ್ಗಿನಲ್ಲಿ ಎಷ್ಟು ಪಾಲು ನಾವು ಕಳೆದ ಒಂದೂವರೆ ವರ್ಷದ್ದು ಎಂದು ನಾನು ಡಾಕ್ಟರನ್ನು ಕೇಳಿಲ್ಲ. ಬೈತಲೆಯನ್ನು ಇನ್ನೊಂದು ಪಕ್ಕಕ್ಕೆ ತೆಗೆದು ಜಡೆ ಹಾಕುತ್ತೇನೆ. 'ಕಂಡರೆ ಕಾಣ್ಲಿ ಬಿಡಮ್ಮ' ಎನ್ನುತ್ತಾಳೆ ಅವಳು.

ಈ ಭಾನುವಾರ ನಿಮ್ಮ ಮಕ್ಕಳಿಗೆ ಎಣ್ಣೆ ಹಚ್ಚುವಾಗ ಬೆನ್ನು, ಕೈಕಾಲು, ನೆತ್ತಿಯ ಮೇಲೆ ಒಮ್ಮೆ ನಿಧಾನವಾಗಿ ಕೈಯಾಡಿಸಿ. ಹಾಗೇ ನಿಮ್ಮ ಮೈ ಮೇಲೂ. ಎಲ್ಲಾದರೂ ಬೆರಳು ತಡೆದರೆ ಮುಲಾಮು ಹುಡುಕಬೇಡಿ. ಸೋಮವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗಿ.